ಹಟ್ಟಿಯ ಮಾತು, ಹರಿವಾಣದ ಮಾತು



ಇಂಗ್ಲಿಷರ ನಿತ್ಯದ ನುಡಿಯಲ್ಲಿ ಒಂದು ವಿಚಿತ್ರವುಂಟು. ಹಟ್ಟಿಯಲ್ಲಿ ‘ಷೀಪ್’ ಎನಿಸಿದ ಕುರಿಯು ಹರಿವಾಣಕ್ಕೆ ಬಂದೊಡನೆ ‘ಮಟನ್’ ಆಗುವುದು. ‘ಸ್ವೈನ್’ ಎನಿಸಿದ ಹಂದಿಯು ‘ಪೋರ್ಕ್’ ಆಗುವುದು. ಹಟ್ಟಿಯ ಹೆಸರು ಅಚ್ಚ ಇಂಗ್ಲಿಷು. ಹರಿವಾಣದ ಹೆಸರು ಫ್ರೆಂಚು. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದರು. ಸಾಕಿದವನು ಆಳು, ಉಂಡವನು ಅರಸು. ಆದುದರಿಂದ ಒಂದಕ್ಕೆ ಎರಡು ಹೆಸರು. ‘ಜಡ್ಜ್’, ‘ಜ್ಯೂರಿ’, ‘ಪ್ರಿಸನ್’ ಎಂಬುವೂ ಫ್ರೆಂಚಿನಿಂದ ಬಂದವುಗಳೇ.

ನ್ಯಾಯಸ್ಥಾನದ ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ಶಾಸನವಾದುದು 1362ರಲ್ಲಿ. ಆ ಶಾಸನವನ್ನು ಬರೆದುದೂ ಫ್ರೆಂಚಿನಲ್ಲಿಯೇ!

ನಗುವ ಮುನ್ನ ನಮ್ಮ ಮನೆಯನ್ನು ನೋಡಿಕೊಳ್ಳೋಣ. ನೇಗಿಲು, ಬಿತ್ತು, ಕೊಯ್ಲು—ಹೊಲದ ಈ ಮಾತುಗಳು ಕನ್ನಡದವು. ಜಮೀನು, ಅರ್ಜಿ, ವಕೀಲ, ಫಿರ್ಯಾದಿ—ಕಚೇರಿಯ ಈ ಮಾತುಗಳು ಪಾರಸಿ, ಅರಬಿಗಳಿಂದ ಬಂದವು. ಉತ್ತವನು ಒಂದು ನುಡಿಯವನು, ಆಳಿದವನು ಬೇರೊಂದು ನುಡಿಯವನು ಎಂಬ ಕಥೆಯೇ ಇಲ್ಲಿಯೂ ಅಡಗಿದೆ.

ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾವು 1956ರ ನವೆಂಬರ್ 1ರಂದು ಒಂದಾದೆವು. 1963ರಲ್ಲಿ ಕನ್ನಡವನ್ನು ರಾಜ್ಯದ ಆಡಳಿತಭಾಷೆಯೆಂದು ಶಾಸನಮಾಡಿದೆವು. ಆದರೂ ಉಚ್ಚ ನ್ಯಾಯಾಲಯದ ವಾದವು ಇಂದಿಗೂ ಮುಖ್ಯವಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತಿದೆ.

ಬಂದ ಮಾತುಗಳನ್ನು ನಾವು ಹೊರದೂಡಬೇಕಿಲ್ಲ. ಇಂಗ್ಲಿಷರೂ ‘ಜಡ್ಜ’ನನ್ನು ದೂಡಲಿಲ್ಲ. ಅವರು ಬದಲಿಸಿದುದು ಮಾತನ್ನಲ್ಲ, ಮನೆಯ ಯಜಮಾನಿಕೆಯನ್ನು. ಬಂದ ಮಾತು ನೆಂಟನಾಗಿರಲಿ, ಕನ್ನಡವೇ ಒಡತಿಯಾಗಲಿ. ಹೊಲದಲ್ಲಿ ಉಳುವವನ ನುಡಿಯಲ್ಲಿಯೇ ಅವನ ವ್ಯಾಜ್ಯವೂ ತೀರುವವರೆಗೆ ಏಕೀಕರಣದ ಕೆಲಸವು ಮುಗಿಯಿತೆಂದು ನಾವು ಹೇಳಲಾರೆವು.