ಹೊಳೆಯ ಪಾಚಿಯೂ ಗಾಳ ಹಾಕುವವರ ಕಟ್ಟಳೆಯೂ



ಮೀನಿನ ವಿಷಯದಲ್ಲಿ ಸರ್ಕಾರಗಳು ವಿಧಿಸುವ ಕಟ್ಟಳೆಗಳು ಸಾಮಾನ್ಯವಾಗಿ ಹೊಳೆಯಿಂದ ಏನನ್ನು ಹೇಗೆ ತೆಗೆಯಬಾರದು ಎಂಬುದನ್ನು ಕುರಿತವಾಗಿರುತ್ತವೆ. ಈ ದೇಶದಲ್ಲಿ 1897ನೆಯ ಇಸವಿಯಲ್ಲಾದ ಮೀನುಗಾರಿಕೆಯ ಕಾನೂನು, ನೀರಿಗೆ ವಿಷ ಬೆರಸಿ ಅಥವಾ ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ಅಪರಾಧವೆಂದು ಗೊತ್ತುಮಾಡಿತು. ಹೊಳೆಯೊಳಕ್ಕೆ ಏನನ್ನು ತರಬಾರದು ಎಂಬುದು ಇದಕ್ಕಿಂತ ತೊಡಕಾದ ವಿಚಾರ. ಅದನ್ನು ನಷ್ಟಪಟ್ಟು ಕಲಿತವರು ನ್ಯೂಜಿಲೆಂಡಿನವರು.

ಆ ದೇಶದ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನನ್ನು ವಿನೋದಾರ್ಥವಾಗಿ ಗಾಳ ಹಾಕಿ ಹಿಡಿಯುವ ರೂಢಿಯುಂಟು. ಲೈಸೆನ್ಸು ಪಡೆಯಬೇಕು, ಗೊತ್ತಾದ ತಿಂಗಳುಗಳಲ್ಲಿ ಮಾತ್ರ ಹಿಡಿಯಬೇಕು, ದಿನಕ್ಕೆ ಇಷ್ಟೇ ಎಂಬ ಮಿತಿಯುಂಟು, ಹಿಡಿದುದನ್ನು ಮಾರಕೂಡದು. ಲೈಸೆನ್ಸಿನ ಹಣ ಮೀನಿನ ರಕ್ಷಣೆಗೇ ವಿನಿಯೋಗವಾಗುತ್ತದೆ. ಈ ಮೀನಾದರೋ ಅಲ್ಲಿಯ ಮೂಲನಿವಾಸಿಯಲ್ಲ. 1867ರಲ್ಲಿ ಟಾಸ್ಮೇನಿಯಾದಿಂದ ಮೊಟ್ಟೆಯ ರೂಪದಲ್ಲಿ ತರಿಸಿದುದು. ಹೊರಗಿನಿಂದ ಬಂದ ಮೀನಿಗೆ ಇಷ್ಟು ಉಪಚಾರವೇ ಎಂದು ಕೇಳಿದರೆ, ಅದು ಕೇಳತಕ್ಕ ಮಾತೇ.

ಇಷ್ಟೆಲ್ಲ ಕಟ್ಟಳೆಗಳಿದ್ದ ದೇಶದಲ್ಲಿ, ದಕ್ಷಿಣ ದ್ವೀಪದ ತೆಂಕಣ ಭಾಗದ ವಾಯಾವು ಎಂಬ ನದಿಯಲ್ಲಿ, 2004ನೆಯ ಇಸವಿ ಅಕ್ಟೋಬರಿನಲ್ಲಿ ಡಿಡಿಮೊ ಎಂಬ ಪಾಚಿ ಕಂಡುಬಂದಿತು. ಭೂಮಧ್ಯರೇಖೆಯ ದಕ್ಷಿಣಕ್ಕೆ ಅದು ಹೀಗೆ ಹಬ್ಬಿ ನಿಂತುದು ಅದೇ ಮೊದಲು. ಇದರ ಒಂದೊಂದು ಕಣವೂ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಅದು ಕಲ್ಲಿಗೆ ಅಂಟಿಕೊಂಡು ಒಂದು ತೊಟ್ಟನ್ನು ಬೆಳೆಸುತ್ತದೆ. ಕಣ ಎರಡಾದಾಗ ತೊಟ್ಟೂ ಕವಲೊಡೆಯುತ್ತದೆ. ಹೀಗೆ ಕೋಟಿಗಟ್ಟಲೆ ತೊಟ್ಟುಗಳು ಹೆಣೆದುಕೊಂಡು ಹೊಳೆಯ ತಳಕ್ಕೆ ದಪ್ಪನಾದ ಕಂದು ಕಂಬಳಿ ಹೊದಿಸಿದಂತಾಗುವುದು. ನೋಡುವುದಕ್ಕೆ ಲೋಳೆಯಂತಿದ್ದರೂ ಮುಟ್ಟಿದರೆ ಜಾರುವುದಿಲ್ಲ. ನೆನೆದ ಹತ್ತಿಯಂತೆ ಒರಟಾಗಿರುತ್ತದೆ. ಕಲ್ಲಿನ ಸಂದುಗಳಲ್ಲಿದ್ದು ಮೀನಿಗೆ ಆಹಾರವಾಗುವ ಹುಳುಗಳ ಬಗೆಯೇ ಇದರಿಂದ ಬದಲಾಗುತ್ತದೆ. ಕಾಲುವೆಯ ಬಾಯಿಗೆ ಹಾಕಿದ ಜಾಲರಿಗಳಿಗೂ ಇದು ಕಟ್ಟಿಕೊಳ್ಳುವುದು.

ವ್ಯವಸಾಯಗಾರರು ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಗೊಬ್ಬರದ ಸಾರ ಇಳಿದ ನೀರಿನಲ್ಲಿ ಪಾಚಿ ಹೆಚ್ಚುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಡಿಡಿಮೊ ಇದಕ್ಕೆ ವಿರುದ್ಧ. ನೀರಿನಲ್ಲಿ ರಂಜಕದ ಅಂಶ ತೀರ ಕಡಮೆಯಾದಾಗಲೇ ಅದು ತೊಟ್ಟನ್ನು ಉದ್ದಕ್ಕೆ ಚಾಚುತ್ತದೆ. ಆದಕಾರಣ ಕೊಳೆಯಿಲ್ಲದ, ತಳದ ಕಲ್ಲು ಕಾಣುವ ತಣ್ಣನೆಯ ಹೊಳೆಗಳೇ ಅದಕ್ಕೆ ತುತ್ತಾದುವು. "ನಮ್ಮ ನೀರು ಶುದ್ಧವಾಗಿದೆ, ನಮಗೇನು ಭಯ" ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಇದನ್ನು ಸಾಗಿಸುವವನು ಮನುಷ್ಯನು. ಒಂದು ಹನಿ ನೀರು ಸಾಕು. ಗಾಳ ಹಾಕುವವರು ಜಾರುಗಲ್ಲಿನ ಮೇಲೆ ನಿಲ್ಲುವುದಕ್ಕಾಗಿ ಫೆಲ್ಟ್ ಎಂಬ ಒತ್ತಿ ಗಟ್ಟಿಮಾಡಿದ ಬಟ್ಟೆಯ ಅಟ್ಟೆಯುಳ್ಳ ಬೂಟುಗಳನ್ನು ಮೆಟ್ಟುತ್ತಿದ್ದರು. ಆ ಅಟ್ಟೆ ನೀರನ್ನು ಹೀರಿ ಬಹಳ ಕಾಲ ತೇವವಾಗಿಯೇ ಇರುತ್ತದೆ. ಬೆಳಿಗ್ಗೆ ಒಂದು ಹೊಳೆ, ಸಂಜೆ ಇನ್ನೊಂದು ಹೊಳೆ ಎಂದು ತಿರುಗುವ ಮರ್ಯಾದಸ್ಥನು, ಲೈಸೆನ್ಸಿನ ಒಂದು ಷರತ್ತನ್ನೂ ಮೀರದೆ, ಬೂಟಿನೊಳಗೆ ಈ ಪಾಚಿಯನ್ನು ಹೊತ್ತು ನಡೆಯಬಹುದಾಗಿತ್ತು. 2005ನೆಯ ಡಿಸೆಂಬರಿನಲ್ಲಿ ದಕ್ಷಿಣ ದ್ವೀಪವೆಲ್ಲವನ್ನೂ ನಿರ್ಬಂಧಕ್ಕೆ ಒಳಪಡಿಸಿದರು. ತಿಳಿದೂ ಹರಡಿದವನಿಗೆ ಐದು ವರ್ಷಗಳವರೆಗೆ ಸೆರೆ, ಒಂದು ಲಕ್ಷ ಡಾಲರುಗಳವರೆಗೆ ಜುಲ್ಮಾನೆ. 2008ರಲ್ಲಿ ಗಾಳದ ಕಟ್ಟಳೆಗಳಲ್ಲಿಯೇ ಫೆಲ್ಟ್ ಅಟ್ಟೆಯನ್ನು ನಿಷೇಧಿಸಿದರು.

ಉಳಿದ ಸಾಮಾನುಗಳಿಗೆ ವಿಧಿಸಿದ ಉಪಾಯ ಅಗ್ಗವಾದುದು: ನೋಡು, ತೊಳೆ, ಒಣಗಿಸು. ನೀರಿನಿಂದ ಮೇಲಕ್ಕೆ ಬರುವಾಗಲೇ ಅಂಟಿದ ಪಾಚಿಯನ್ನು ಕಿತ್ತು ಅಲ್ಲಿಯೇ ಬಿಡಬೇಕು. ನೂರು ಪಾಲಿಗೆ ಐದು ಪಾಲು ಪಾತ್ರೆ ತೊಳೆಯುವ ಸಾಬೂನು ಬೆರೆತ ನೀರಿನಲ್ಲಿ ಒಂದು ನಿಮಿಷವಾದರೂ ನೆನಸಬೇಕು. ನೀರು ಹೀರುವ ವಸ್ತುವಾದರೆ ಇನ್ನೂ ಹೆಚ್ಚು ಹೊತ್ತು. ತೊಳೆಯದಿದ್ದರೆ ಒಳಗೂ ಹೊರಗೂ ಪೂರ್ತಿ ಒಣಗಿದ ಮೇಲೆ ಮತ್ತೆ 48 ಗಂಟೆ ಕಾಯಬೇಕು. ಈ ಪಾಚಿಯನ್ನು ಹೊಳೆಯಿಂದ ನಿರ್ಮೂಲಮಾಡಲು ಅವರಿಂದಾಗಲಿಲ್ಲ. ಸಾಬೂನು ಮಿಕ್ಕ ಹೊಳೆಗಳಿಗಾಗಿ.

ಡಿಡಿಮೊ ತಣ್ಣೀರಿನದು, ಬಯಲುಸೀಮೆಯ ಬೆಚ್ಚನೆಯ ಕೆರೆಗಳಿಗೆ ಅದರ ಭಯವನ್ನು ಹಚ್ಚಬೇಕಾದುದಿಲ್ಲ. ಆದರೆ ದಕ್ಷಿಣ ಅಮೆರಿಕದಿಂದ ಬಂದ ಜಲಕುಂಭಿ ಈ ನಾಡಿನ ಕೆರೆಗಳನ್ನು ಮುಚ್ಚಿರುವುದನ್ನು ನೋಡದವರಿಲ್ಲ. ಅದು ಪಾಚಿಯಲ್ಲ, ತೇಲುವ ಗಿಡ. ಆದರೂ ಬಲೆಯ ಮೂಲೆಯಲ್ಲಿ ಸಿಕ್ಕಿಕೊಂಡು ಹೋದ ಒಂದು ಸಣ್ಣ ಸಸಿ ಹೊಸ ಕೆರೆಯನ್ನು ತುಂಬುವುದಕ್ಕೆ ಸಾಕು. ಅದರ ಬೀಜ ಕೆಸರಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ. ಕೆರೆಯ ಮೀನನ್ನು ಗುತ್ತಿಗೆಗೆ ಕೊಡುವಾಗ ಹಣದ ಮಾತಿನ ಜೊತೆಗೆ, ಬೇರೆ ಕೆರೆಯಿಂದ ಬರುವ ಬಲೆ, ಹರಿಗೋಲುಗಳನ್ನು ಕೆಸರು ಹೋಗುವಂತೆ ತೊಳೆದು ಒಣಗಿಸಿಯೇ ನೀರಿಗಿಳಿಸಬೇಕೆಂಬ ಷರತ್ತನ್ನೂ ಯಜಮಾನರು ಬರೆಯಿಸಿಕೊಳ್ಳತಕ್ಕದ್ದು. ತೊಳೆದ ನೀರು ತಿರುಗಿ ಕೆರೆಗೆ ಹರಿಯದ ಬಯಲನ್ನು ಮೊದಲೇ ಗೊತ್ತುಮಾಡಿ, ನೀರುಗಂಟಿಗೆ ತೋರಿಸಿಕೊಟ್ಟಿರಬೇಕು.