ಹುಲ್ಲುಹಾಸಿನ ಕಳೆ

ಕನ್ನಡದಲ್ಲಿ ‘ಕಳೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೊಲದಲ್ಲಿದ್ದರೆ ಅದು ಕಿತ್ತೆಸೆಯಬೇಕಾದ ಗಿಡ; ಮುಖದಲ್ಲಿದ್ದರೆ ಕಾಂತಿ. ಈ ಎರಡು ಅರ್ಥಗಳೂ ಒಂದೇ ಗಿಡಕ್ಕೆ, ಅದೂ ಒಂದೇ ಶತಮಾನದೊಳಗೆ, ಸಂದುಹೋದ ಕಥೆಯೊಂದನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ಆ ಗಿಡದ ಹೆಸರು ಬಿಳಿ ಕ್ಲೋವರ್.

ನಮ್ಮ ಬಯಲುಸೀಮೆಯವರಿಗೆ ಇದರ ಪರಿಚಯ ಕಡಮೆ. ಉದಕಮಂಡಲಕ್ಕೆ ಹೋಗಿಬಂದವರು ಹೆಸರು ತಿಳಿಯದೆಯೇ ಇದನ್ನು ತುಳಿದಿರಬಹುದು. ಯುರೋಪಿನಿಂದ ಬಂದು ಅಲ್ಲಿನ ತಂಪಿಗೆ ಒಗ್ಗಿಕೊಂಡಿರುವ ಗಿಡವಿದು. ನೆಲಕ್ಕಂಟಿಕೊಂಡು ಹರಿಯುವ ಬಳ್ಳಿ. ಒಂದೊಂದು ತೊಟ್ಟಿನ ತುದಿಗೂ ಮೂರು ಮೂರು ಕಿರುಎಲೆ. ಎಲೆಯ ಮೇಲೆ ಸಾಮಾನ್ಯವಾಗಿ ಸುಣ್ಣದಲ್ಲಿ ಗೆರೆಯೆಳೆದಂಥ ಮಸುಕು ಗುರುತು. ನಡುನಡುವೆ ಬಿಳಿಯ ಗುಂಡುಹೂಗಳು. 1753ರಲ್ಲಿ ಲಿನೇಯಸ್ ಇದಕ್ಕೆ ‘ಟ್ರೈಫೋಲಿಯಂ ರೆಪೆನ್ಸ್’ ಎಂದು ಹೆಸರಿಟ್ಟ. ತೆವಳುವ ಮೂರೆಲೆ ಎಂದು ಅದರ ತಾತ್ಪರ್ಯ. ಬಂಧುಬಳಗವನ್ನು ಕೇಳಿದರೆ ನಮಗೂ ಹತ್ತಿರದ್ದೇ: ಅಡಿಗೆಮನೆಯ ಮೆಂತ್ಯ, ದನಗಳ ಮೇವಾದ ಕುದುರೆ ಮಸಾಲೆ, ಎರಡೂ ಇದರ ದಾಯಾದಿಗಳು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ರೈತರು ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್ ಎಂದು ನಾಲ್ಕು ಬೆಳೆಗಳನ್ನು ಸರದಿಯ ಮೇಲೆ ಬೆಳೆಯುತ್ತಿದ್ದರು. ಕ್ಲೋವರ್ ಜಾತಿಯ ಬೆಳೆಯನ್ನು ಬೆಳೆದ ನೆಲದಲ್ಲಿ ಮುಂದಿನ ವರ್ಷದ ಗೋಧಿ ಹುಲುಸಾಗುತ್ತದೆ ಎಂಬುದು ಅವರ ಅನುಭವ. ಏಕೆಂಬುದು ಮಾತ್ರ ತಿಳಿದಿರಲಿಲ್ಲ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಎಂಬ ವಿಜ್ಞಾನಿ, ತನ್ನ ಸಹೋದ್ಯೋಗಿ ವಿಲ್ಫಾರ್ತ್ ಜೊತೆಗೂಡಿ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದ. ಈ ಕುಟುಂಬದ ಗಿಡಗಳು ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಹಿಡಿದು ಆಹಾರವಾಗಿಸಿಕೊಳ್ಳುತ್ತವೆ. ಎರಡು ವರ್ಷದ ಮೇಲೆ ಹಾಲೆಂಡಿನ ಬೈಯೆರಿಂಕ್ ಆ ಜೀವಿಯನ್ನು ಬೇರ್ಪಡಿಸಿಯೂ ತೋರಿಸಿದ. ರಾಗಿಯ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕಿದ ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯನ್ನೂ ಕಂಡವರಲ್ಲ. ಆದರೆ ಆ ಸಾಲುಗಳ ಬೇರಿನಲ್ಲಿ ನಡೆಯುತ್ತಿದ್ದುದೂ ಇದೇ ವ್ಯವಹಾರ.

ಹೊಲದ ಈ ಗಿಡ ಮನೆಯಂಗಳದಲ್ಲಿಯೂ ಮರ್ಯಾದಸ್ಥನಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಅಂಗಳಗಳಿಗೆ ಬಿತ್ತುವ ಹುಲ್ಲುಬೀಜದ ಮಿಶ್ರಣದಲ್ಲಿ ಬಿಳಿ ಕ್ಲೋವರಿನ ಬೀಜವೂ ಸಾಮಾನ್ಯವಾಗಿ ಬೆರೆತಿರುತ್ತಿತ್ತು. ಅದರ ಗಂಟುಗಳೂ ಬೇರುಗಳೂ ಸತ್ತು ಕೊಳೆತಾಗ ಸಾರಜನಕ ಪಕ್ಕದ ಹುಲ್ಲಿಗೆ ಒದಗುತ್ತದೆ. ಗೊಬ್ಬರದ ಖರ್ಚು ಉಳಿಯುತ್ತದೆ. ಬೇಸಗೆಯಲ್ಲಿ ಹುಲ್ಲು ಕಂದಿದಾಗ ಇದರ ಹಸುರೇ ಅಂಗಳದ ಮಾನವನ್ನು ಕಾಯುತ್ತಿತ್ತು. ಆಗ ಕ್ಲೋವರ್ ಎಂದರೆ ಹುಲ್ಲುಹಾಸಿಗೆ ಕಾಂತಿ ಎಂಬರ್ಥದ ಕಳೆ.

1945ರ ಸುಮಾರಿಗೆ 2,4-ಡಿ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂದಿತು. ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಉಳಿಸುವುದು ಅದರ ಗುಣ. ಅದಕ್ಕೆ ವೈರಿಯ ಗುರುತು ಗೊತ್ತಿತ್ತೇ ಹೊರತು ಮಿತ್ರನ ಗುರುತು ಗೊತ್ತಿರಲಿಲ್ಲ. ಬೇಡದ ಗಿಡಗಳ ಜೊತೆಗೆ ಕ್ಲೋವರಿಗೂ ಪೆಟ್ಟು ಬಿತ್ತು. ಮದ್ದನ್ನು ಬಿಡಲು ಜನ ಸಿದ್ಧರಿರಲಿಲ್ಲ. ಗಿಡವನ್ನು ಬಿಡಲು ಸಿದ್ಧರಾದರು. ಬರಬರುತ್ತ ಕ್ಲೋವರಿನ ಹೆಸರು ಕಳೆಗಳ ಪಟ್ಟಿಗೆ ಸೇರಿತು. ಗಿಡದಲ್ಲಿ ಒಂದೆಲೆಯೂ ಬದಲಾಗಿರಲಿಲ್ಲ. ಕಾಲಚಕ್ರ ಈಗ ಮತ್ತೆ ತಿರುಗುತ್ತಿದೆ. ಫ್ರಾನ್ಸಿನಲ್ಲಿ 2019ರಿಂದ ಮನೆತೋಟದವರಿಗೆ ಕೃತಕ ಕಳೆನಾಶಕಗಳ ಮಾರಾಟವೇ ನಿಂತಿದೆ. ಹುಲ್ಲುಬೀಜದೊಡನೆ ಬೆರೆಸುವುದಕ್ಕೆಂದೇ ಚಿಕ್ಕ ಎಲೆಯ ಕ್ಲೋವರ್ ತಳಿಗಳು ಬಂದಿವೆ.

ತಂಪುನಾಡಿನಲ್ಲಿ ಇದನ್ನು ಬೆಳೆಸುವುದು ಕಷ್ಟವಲ್ಲ. ಬೀಜ ಬಹಳ ಸಣ್ಣದು, ಒಂದು ಗ್ರಾಮಿಗೆ ಸಾವಿರದೈನೂರರಷ್ಟು ತೂಗುತ್ತದೆ. ಆಳಕ್ಕೆ ಹೂತರೆ ಮೇಲೇಳದು. ಮಣ್ಣಿನ ಮೇಲೆ ಉದುರಿಸಿ ಬೆರಳಲ್ಲಿ ಸವರಿದರೆ ಸಾಕು. ಹುಳಿಮಣ್ಣಾದರೆ ಸುಣ್ಣ ಬೇಕು. ರಂಜಕ, ಪೊಟಾಷುಗಳು ಇದಕ್ಕೆ ಪ್ರಿಯ. ಸಾರಜನಕದ ಗೊಬ್ಬರವನ್ನು ಸುರಿದಿರೋ, ಹುಲ್ಲು ಎತ್ತರಕ್ಕೆ ಬೆಳೆದು ಇದನ್ನು ನೆರಳಿನಲ್ಲಿ ಅಡಗಿಸಿಬಿಡುತ್ತದೆ. ಕ್ಲೋವರನ್ನು ಹತೋಟಿಯಲ್ಲಿಡುವ ಉಪಾಯವೂ ಅದೇ: ಹುಲ್ಲಿಗೆ ಉಣಿಸುವುದು, ಕತ್ತರಿಯನ್ನು ತುಸು ಮೇಲಿಡುವುದು. ವಿಷ ಬೇಕಿಲ್ಲ. ಆದರೆ ಮಕ್ಕಳು ದಿನವೂ ಚೆಂಡಾಡುವ ಕಡೆಗೆ ಇದು ಒಂದೇ ಸಾಲದು. ತುಳಿತವನ್ನು ಹುಲ್ಲಿನಷ್ಟು ತಾಳಲಾರದು.

ಹೂವಿಗೆ ಜೇನು ಬರುತ್ತದೆ. ಬರಿಗಾಲಲ್ಲಿ ಓಡಾಡುವವರು ಹೂ ಮೂಡಿದೊಡನೆ ಕತ್ತರಿಸುವುದು ಲೇಸು. ಉಳಿದವರು ಬಿಡುವುದು ಲೇಸು. ಡಾರ್ವಿನ್ ತನ್ನ ‘ಜೀವಜಾತಿಗಳ ಉಗಮ’ದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾನೆ. ಜೇನುಗಳಿಗೆ ಬಿಟ್ಟ 20 ಹೂಗೊಂಚಲುಗಳಲ್ಲಿ 2,290 ಬೀಜಗಳು ಕಟ್ಟಿದವು. ಜೇನು ಸೋಕದಂತೆ ಕಾಪಾಡಿದ ಇನ್ನು 20ರಲ್ಲಿ ಒಂದೂ ಇಲ್ಲ. ಜೇನು ಬಂದುಹೋದ ಗುರುತನ್ನು ಹೂವೇ ಹೇಳುತ್ತದೆ. ಪರಾಗ ಸಂದ ಎಸಳುಗಂಟು ಕಂದುಬಣ್ಣಕ್ಕೆ ತಿರುಗಿ ತಲೆ ತಗ್ಗಿಸುತ್ತದೆ. ಇನ್ನೂ ಕಾದಿರುವುದು ನೆಟ್ಟಗೆ ನಿಂತಿರುತ್ತದೆ.

ಇಷ್ಟನ್ನೂ ಪುಸ್ತಕಗಳಿಂದ ಓದಿ ಮರುಳಾದ ನಾನು, ಒಮ್ಮೆ ನೀಲಗಿರಿಯಲ್ಲಿ ಪರಿಚಿತರೊಬ್ಬರ ಅಂಗಳದಿಂದ ಬೇರುಸಹಿತ ಒಂದು ಹಿಡಿ ಕ್ಲೋವರ್ ತಂದು ಬೆಂಗಳೂರಿನ ನಮ್ಮ ಹುಲ್ಲುಹಾಸಿನಲ್ಲಿ ನೆಡಲು ಹೊರಟೆ. ಜಾಗ ಬೇಕಲ್ಲ! ಮೂಲೆಯಲ್ಲಿ ಹಬ್ಬಿದ್ದ ಯಾವುದೋ ಪುಟ್ಟ ಬಳ್ಳಿಯನ್ನು ಕೀಳಲು ತೋಟದ ಕೆಲಸದಾಕೆಗೆ ಹೇಳಿದೆ.

“ಇದನ್ನೂ ಕೀಳ್ಬೇಕಾ ಸ್ವಾಮಿ?” ಎಂದು ಕೇಳಿದಳು.

“ಎಲ್ಲಾ ಕೀಳಮ್ಮ, ಬರೀ ಕಳೆ” ಎಂದೆ.

ಆಕೆ ಕಿತ್ತು, ಬುಟ್ಟಿಗೆ ತುಂಬಿ, ತನ್ನ ಮೇಕೆಗಳಿಗೆಂದು ಮನೆಗೆ ಹೊತ್ತುಕೊಂಡು ಹೋದಳು.

ಧನುರ್ಮಾಸದ ಚಳಿಯಲ್ಲಿ ನನ್ನ ಕ್ಲೋವರ್ ಚೆನ್ನಾಗಿಯೇ ಹಬ್ಬಿತು. ಬಂದವರಿಗೆಲ್ಲ ತೋರಿಸಿದೆ. ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಯುಗಾದಿಯ ಹೊತ್ತಿಗೆ ಎಲೆಗಳು ಬಾಡಿ, ಎರಡು ಹೊತ್ತು ನೀರೆರೆದರೂ ನಿಲ್ಲದೆ, ಬೇಸಗೆ ಮುಗಿಯುವ ಮೊದಲೇ ನೆಲ ಬರಿದಾಯಿತು. ಬೆಟ್ಟದ ತಂಪನ್ನು ಬೇರಿನ ಜೊತೆ ಕಿತ್ತು ತರಲು ಬರುವುದಿಲ್ಲ.

ಮೊದಲ ಮಳೆಗಳು ಬಿದ್ದು ಹದಿನೈದು ದಿನವಾಗಿತ್ತು. ಅದೇ ಮೂಲೆಯಲ್ಲಿ ಮೂರು ಮೂರು ಎಲೆಗಳು ಕಾಣಿಸಿಕೊಂಡವು! ಸತ್ತ ಕ್ಲೋವರ್ ಚಿಗುರಿತೆಂದು ಮನೆಮಂದಿಯನ್ನೆಲ್ಲ ಕರೆದೆ. ಎಲೆ ತೀರ ಚಿಕ್ಕದಲ್ಲ ಎಂದು ಅನುಮಾನ ಬಂದುದು ಆಮೇಲೆ. ನಾವು ಮಕ್ಕಳಾಗಿದ್ದಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದ ಪುಲ್ಲಂಪುರಚಿ ಸೊಪ್ಪಿಗೂ ಇಂಥವೇ ಮೂರೆಲೆ. ಆದರೆ ಅದು ಹುಳಿ, ಹೂ ಹಳದಿ, ಬೇರಿನಲ್ಲಿ ಗಂಟಿಲ್ಲ. ಇದು ಹುಳಿಯಾಗಿರಲಿಲ್ಲ. ಕೆಲವು ದಿನಕ್ಕೆ ನಸುಗೆಂಪಿನ ಕಿರುಹೂ ಬಿಟ್ಟಿತು. ಅವರೆಹೂವನ್ನು ಗುಬ್ಬಿಗೆ ತಕ್ಕಂತೆ ಮಾಡಿದ ಹಾಗೆ. ಒಂದು ಎಳೆಯನ್ನು ಅಗೆದು ತೊಳೆದು ನೋಡಿದೆ. ಬೇರಿನಲ್ಲಿ ಸಾಸಿವೆಗಿಂತ ಸಣ್ಣ ಗಂಟುಗಳು. ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿಯ ಬಣ್ಣ. ಗಂಟಿನೊಳಗೆ ಕೆಲಸ ನಡೆದಿದೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ.

ಸಸ್ಯಶಾಸ್ತ್ರದ ಪುಸ್ತಕ ತೆರೆದೆ. ಡೆಸ್ಮೋಡಿಯಂ ಟ್ರೈಫ್ಲೋರಂ. ಬಿಸಿಲುನಾಡಿನ ಹುಲ್ಲುಗಾವಲುಗಳಲ್ಲಿ, ಬಯಲುಗಳಲ್ಲಿ ತಾನಾಗಿ ಹಬ್ಬುವ ಗಿಡ. ಕತ್ತರಿಗೆ ಸಿಗದಷ್ಟು ತಗ್ಗಿ ಹರಿದು, ಗೆಣ್ಣುಗೆಣ್ಣಿಗೆ ಬೇರು ಬಿಟ್ಟು, ಗಾಳಿಯಿಂದ ಸಾರಜನಕ ಹಿಡಿದು, ಕ್ಲೋವರ್ ಅಲ್ಲಿ ಮಾಡುವುದನ್ನೆಲ್ಲ ಇಲ್ಲಿ ಮಾಡುವ ಗಿಡ. ಕ್ಲೋವರನ್ನು ನೆಡುವುದಕ್ಕಾಗಿ ನಾನು ಕೂಲಿ ಕೊಟ್ಟು ಕೀಳಿಸಿದ್ದುದು ಇದನ್ನೇ.

ಪರದೇಶದವರು ತಮ್ಮ ಮಿತ್ರನನ್ನು ಕಳೆಯೆಂದು ಕರೆದುದಕ್ಕೆ ಒಂದು ಕಾರಣವಾದರೂ ಇತ್ತು. ಅವರ ಮದ್ದಿಗೆ ಭೇದ ತಿಳಿಯುತ್ತಿರಲಿಲ್ಲ. ನನಗೆ ಕಣ್ಣಿತ್ತು. ಕೆಲಸದಾಕೆ ಕೇಳಿದ ಪ್ರಶ್ನೆಯೂ ಕಿವಿಗೆ ಬಿದ್ದಿತ್ತು. ಅವರ ಗಿಡದ ಮೇಲಣ ಪ್ರೀತಿಯನ್ನು ಪುಸ್ತಕದಿಂದ ಕಡ ತಂದವನು, ನನ್ನ ಅಂಗಳದ ಗಿಡದ ಹೆಸರನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ.

ಮುಂದಿನ ವಾರ ಆಕೆ ಬಂದು ಎಂದಿನಂತೆ ಆ ಮೂಲೆಯಲ್ಲಿ ಕುಳಿತಳು. “ಬೇಡಮ್ಮ, ಅದು ಇರಲಿ, ಹುಲ್ಲಿಗೆ ಒಳ್ಳೆಯದು” ಎಂದೆ.

ಆಕೆ ನನ್ನ ಮುಖವನ್ನು ನೋಡಿ, “ಒಳ್ಳೇದೇ ಸ್ವಾಮಿ. ಆದ್ರೆ ನಮ್ಮ ಮೇಕೆಗೆ?” ಎಂದಳು.

ನಾನು ಇದನ್ನು ಯೋಚಿಸಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬೇರು ಕೀಳುವಂತಿಲ್ಲ, ದಟ್ಟವಾಗಿ ಬೆಳೆದಾಗ ಮೇಲಿನದನ್ನು ಕುಡುಗೋಲಿನಿಂದ ಸವರಿಕೊಂಡು ಹೋಗಬಹುದು. ಅಂದಿನಿಂದ ಆ ಮೂಲೆಗೆ ನಾನು ಗೊಬ್ಬರ ಹಾಕಿಲ್ಲ, ಕತ್ತರಿಯನ್ನೂ ಒಯ್ದಿಲ್ಲ. ನಮ್ಮ ಹುಲ್ಲುಹಾಸಿನಲ್ಲಿ ಬೇಸಗೆಯಲ್ಲಿಯೂ ಕಳೆಯಿರುವುದು ಅಲ್ಲಿಯೇ.