ನೀರಿನ ಊರಿಗೆ ಕುಡಿಯುವ ನೀರು



ಹೋದ ವಾರ ನಾವು ಭೂಪಟ ನೋಡಿದೆವು. ಆಗ ನಿಮ್ಮಲ್ಲಿ ಒಬ್ಬರು ಬೆರಳಿಟ್ಟು ಕೇಳಿದಿರಿ, "ಇದೇನು, ಬೂಟಿನ ಹಾಗೆ ಕಾಣ್ತದಲ್ಲ?" ಅದು ಇಟಲಿ ದೇಶ. ಆ ದೇಶದಲ್ಲಿ ನೀರಿನ ನಡುವೆ ಒಂದು ಊರಿದೆ. ಹೆಸರು ವೆನಿಸ್. ಇವತ್ತು ಆ ಊರಿನ ಮಾತು.

ಸಮುದ್ರದ ಅಂಚಿನಲ್ಲಿ ಆಳವಿಲ್ಲದ ಹಿನ್ನೀರು. ಅದರಲ್ಲಿ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು. ಅವೆಲ್ಲ ಸೇರಿ ಒಂದು ಊರು. ದ್ವೀಪ ದ್ವೀಪದ ನಡುವೆ ಕಾಲುವೆ. ದಾಟಲು ನಾನೂರಕ್ಕೂ ಹೆಚ್ಚು ಸೇತುವೆ. ಊರೊಳಗೆ ಬಸ್ಸು ಓಡುವುದಿಲ್ಲ. ತರಕಾರಿ ಬರುವುದು ದೋಣಿಯಲ್ಲಿ. ರೋಗಿ ಆಸ್ಪತ್ರೆಗೆ ಹೋಗುವುದು ದೋಣಿಯಲ್ಲಿ. ಹೆಣ ಹೋಗುವುದೂ ದೋಣಿಯಲ್ಲೇ.

ಇಂಥ ಕಡೆ ಜನ ಯಾಕೆ ಬಂದರು? ಭಯದಿಂದ ಬಂದರು. ಸುಮಾರು 1500 ವರ್ಷಗಳ ಹಿಂದೆ ಆ ಸೀಮೆಗೆ ಮೇಲಿಂದ ಮೇಲೆ ದಂಡು ನುಗ್ಗುತ್ತಿತ್ತು. ಊರುಗಳು ಹಾಳಾದವು. ಕುದುರೆಯ ದಂಡು ಕೆಸರಿನೊಳಗೆ ಬರಲಾರದು. ಹಾಗಾಗಿ ಜನ ಹಿನ್ನೀರಿನ ದಿಬ್ಬಗಳಲ್ಲಿ ನೆಲೆ ನಿಂತರು. ಕ್ರಿ.ಶ. 537ರ ಸುಮಾರಿಗೆ ಕಾಸಿಯೊಡೋರಸ್ ಎಂಬ ಅಧಿಕಾರಿ ಇವರಿಗೆ ಒಂದು ಕಾಗದ ಬರೆದ. ಬೇರೆಯವರು ಮನೆ ಮುಂದೆ ದನ ಕಟ್ಟುತ್ತಾರೆ, ನೀವು ದೋಣಿ ಕಟ್ಟುತ್ತೀರಿ ಎಂಬ ಅರ್ಥದ ಮಾತು ಅದರಲ್ಲಿದೆ. ಇವರಿಗೆ ಹೊಲ ಇರಲಿಲ್ಲ. ಉಪ್ಪು ಮಾಡಿ ಮಾರಿದರು, ಮೀನು ಹಿಡಿದರು.

ಆಮೇಲೆ ಕಲ್ಲಿನ ಮನೆ ಕಟ್ಟಿದರು. ಕೆಸರಿನ ಮೇಲೆ ಕಲ್ಲು ನಿಲ್ಲುತ್ತದಾ? ಅದಕ್ಕೆ ಅವರು ಮರದ ಗೂಟಗಳನ್ನು ಒತ್ತೊತ್ತಾಗಿ ಕೆಸರಿಗೆ ಹೊಡೆದರು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಗಾಳಿ ತಾಗದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. ದೊಡ್ಡ ದೊಡ್ಡ ಅರಮನೆಗಳು ಇಂದಿಗೂ ಅದೇ ಗೂಟಗಳ ಮೇಲೆ ನಿಂತಿವೆ.

ಈಗ ನಿಮಗೆ ಗೊತ್ತಿರುವ ಕಷ್ಟಕ್ಕೆ ಬರೋಣ. ಸುತ್ತಲೂ ನೀರು, ಆದರೆ ಎಲ್ಲ ಉಪ್ಪು. ಬಾವಿ ತೋಡಿದರೂ ಉಪ್ಪು. ಹಾಗಾದರೆ ಮಕ್ಕಳಿಗೆ ಕುಡಿಸುವುದು ಏನನ್ನು?

ಅವರು ಮಳೆ ನೀರು ಹಿಡಿದರು. ಹೇಗೆ ಹಿಡಿದರು ಎಂಬುದೇ ಕೇಳಬೇಕಾದ್ದು. ಓಣಿಗಳ ನಡುವಿನ ಬಯಲಿನಲ್ಲಿ ದೊಡ್ಡ ಗುಂಡಿ ತೋಡಿದರು. ಗುಂಡಿಯ ತಳಕ್ಕೂ ಬದಿಗೂ ಜೇಡಿಮಣ್ಣು ಮೆತ್ತಿದರು. ಉಪ್ಪುನೀರು ಒಳಗೆ ಬರಬಾರದಲ್ಲ! ನಡುವೆ ಇಟ್ಟಿಗೆಯ ಬಾವಿ ಕಟ್ಟಿದರು. ಬಾವಿಯ ಸುತ್ತ ಗುಂಡಿಗೆಲ್ಲ ಮರಳು ತುಂಬಿದರು. ಮೇಲೆ ಚಪ್ಪಡಿ ಹಾಸಿದರು. ಚಪ್ಪಡಿಯ ನಡುವೆ ತೂತುಗಳು. ಮಳೆ ಬಿದ್ದರೆ ನೀರು ತೂತಿನಲ್ಲಿ ಇಳಿಯುತ್ತದೆ. ಮರಳಿನಲ್ಲಿ ಸೋಸಿ ಸೋಸಿ ಬಾವಿಗೆ ಬರುತ್ತದೆ. ನಾವು ಬಟ್ಟೆ ಕಟ್ಟಿ ನೀರು ಸೋಸುತ್ತೇವಲ್ಲ, ಇಲ್ಲಿ ಆ ಕೆಲಸ ಮರಳಿನದು. ಸಮುದ್ರ ಉಕ್ಕಿದಾಗ ಬಾವಿ ಕೆಡಬಾರದು ಎಂದು ಎಷ್ಟೋ ಕಡೆ ಬಾವಿಯ ಸುತ್ತ ನೆಲವನ್ನೇ ಮೆಟ್ಟಿಲಿನಷ್ಟು ಎತ್ತರಿಸಿದರು. ಇಂಥ ಬಾವಿಗಳು ಒಂದು ಕಾಲಕ್ಕೆ ಆರು ಸಾವಿರಕ್ಕೂ ಹೆಚ್ಚು ಇದ್ದವು. ಹೆಚ್ಚಿನವು ಮನೆಗಳ ಅಂಗಳದಲ್ಲಿ, ಉಳಿದವು ಎಲ್ಲರಿಗೂ ಸೇರಿದವು.

ಬಡವರ ಪಾಡು ಈ ಎಲ್ಲರ ಬಾವಿಯಲ್ಲಿ. ಅದರ ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ. ಹೊತ್ತಿಗೆ ಸರಿಯಾಗಿ ತೆಗೆಯುತ್ತಿದ್ದರು. ಆಗ ಹೋಗಿ ಸೇದಬೇಕು. ನಲ್ಲಿ ಮುಂದೆ ಕೊಡ ಸಾಲಿಟ್ಟವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀರು ಮಾರುವ ಹೆಂಗಸರೂ ಇದ್ದರು. ಅವರಿಗೆ ಬಿಗೊಲಾಂತಿ ಎಂದು ಹೆಸರು. ಬಿಗೊಲೊ ಎಂದರೆ ಹೆಗಲ ಮೇಲಿಡುವ ಬಾಗಿದ ಮರದ ಅಡ್ಡೆ. ಎರಡು ತುದಿಗೆ ಎರಡು ತಾಮ್ರದ ಬಕೀಟು. ಇವರು ಆ ಊರಿನವರಲ್ಲ. ಬಹಳ ಮಂದಿ ಉತ್ತರದ ಬೆಟ್ಟದ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು. ಅರಮನೆಯ ಅಂಗಳದಲ್ಲಿ ಎರಡು ಕಂಚಿನ ಬಾವಿಕಟ್ಟೆಗಳಿವೆ. ಅಲ್ಲಿಂದ ಸೇದುವರು, ಸೇತುವೆ ಹತ್ತಿ ಇಳಿವರು, ಮನೆ ಮನೆಗೆ ಮಾರುವರು. ಆ ಊರಿನ ದೊರೆಗಳ ಹೆಸರು ಕಲ್ಲಿನಲ್ಲಿ ಕೆತ್ತಿದೆ. ಇವರ ಹೆಸರು ಎಲ್ಲೂ ಕೆತ್ತಿಲ್ಲ. ಹಳೆಯ ಚಿತ್ರಗಳಲ್ಲಿ ಮಾತ್ರ ಅಡ್ಡೆ ಹೊತ್ತು ನಿಂತಿದ್ದಾರೆ. ಮಳೆ ಬಾರದ ವರ್ಷ ದೋಣಿಯವರು ಬ್ರೆಂತಾ ಎಂಬ ಹೊಳೆಯಿಂದ ಸಿಹಿನೀರು ತಂದು ಬಾವಿಗೆ ಸುರಿಯುತ್ತಿದ್ದರು.

ಈ ಊರು ಬಡ ಊರೇನಲ್ಲ. ವ್ಯಾಪಾರದಲ್ಲಿ ಬಹಳ ಹಣ ಮಾಡಿತು. ನಮ್ಮ ಪಡುವಣ ಕರಾವಳಿಯ ಕರಿಮೆಣಸು ಅರಬರ ಹಡಗಿನಲ್ಲಿ ಈಜಿಪ್ಟಿಗೆ ಹೋಗುತ್ತಿತ್ತು. ಅಲ್ಲಿ ವೆನಿಸಿನವರು ಕೊಂಡು ಯುರೋಪಿಗೆಲ್ಲ ಮಾರುತ್ತಿದ್ದರು. ನಿಕೊಲೊ ಕಾಂಟಿ ಎಂಬ ಅಲ್ಲಿಯ ವರ್ತಕ 1420ರ ಸುಮಾರಿಗೆ ನಮ್ಮ ವಿಜಯನಗರವನ್ನೇ ಕಂಡುಹೋದ. 1498ರಲ್ಲಿ ಪೋರ್ಚುಗೀಸರು ನೇರ ಸಮುದ್ರ ದಾರಿಯಲ್ಲಿ ಇಲ್ಲಿಗೆ ಬಂದರು. ವೆನಿಸಿಗೆ ಪೆಟ್ಟು ಬಿತ್ತು. 1797ರಲ್ಲಿ ನೆಪೋಲಿಯನ್ನನ ಸೇನೆಗೆ ಸೋತು ಅದರ ಸ್ವಂತ ಆಳ್ವಿಕೆ ಮುಗಿಯಿತು. 1866ರಲ್ಲಿ ಇಟಲಿಗೆ ಸೇರಿತು.

ಕೊಳಾಯಿ ನೀರು ಬಂದದ್ದು 1884ರಲ್ಲಿ. ದೂರದಿಂದ ಕೊಳವೆ ಹಾಕಿ ತಂದರು. ಅಡ್ಡೆ ಹೊರುವ ಕೆಲಸ ಮೆಲ್ಲಗೆ ನಿಂತಿತು. ಹೆಗಲಿಗೆ ಸುಖವಾಯಿತು, ಕೂಲಿ ಹೋಯಿತು. ಎರಡನ್ನೂ ಹೇಳಬೇಕು.

ನೀರಿನ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಹತ್ತಿರದಲ್ಲಿ ಕಾರ್ಖಾನೆಗಳು ಬಂದವು. ಅವು ಕೊಳವೆಬಾವಿ ಕೊರೆದು ನೆಲದಡಿಯ ನೀರನ್ನು ಹೀರಿದವು. ಮೊದಲೇ ಕುಸಿಯುತ್ತಿದ್ದ ನೆಲ ಇನ್ನೂ ಬೇಗ ಕುಸಿಯಿತು. 1970ರ ನಂತರ ಹೀಗೆ ನೀರು ಎತ್ತುವುದನ್ನು ನಿಲ್ಲಿಸಿದರು, ಕುಸಿತ ತಗ್ಗಿತು. ಕುಸಿದ ನೆಲ ಮಾತ್ರ ಪೂರ್ತಿ ಮೇಲೆ ಬರಲಿಲ್ಲ. ಮತ್ತೊಂದು ಕಡೆ ಸಮುದ್ರ ಏರುತ್ತಿದೆ. 1966ರ ನವೆಂಬರ್ 4ರಂದು ನೀರು ಮಾಮೂಲು ಮಟ್ಟಕ್ಕಿಂತ 194 ಸೆಂಟಿಮೀಟರ್ ಏರಿತು. 2019ರ ನವೆಂಬರಿನಲ್ಲಿ 187. ಅಂಗಡಿಯೊಳಗೆ ನೀರು, ಅಡುಗೆಮನೆಯಲ್ಲಿ ನೀರು, ಅದೂ ಉಪ್ಪುನೀರು. ಈಗ ಹಿನ್ನೀರಿನ ಮೂರು ಬಾಯಿಗಳಲ್ಲಿ ಕಬ್ಬಿಣದ 78 ಬಾಗಿಲುಗಳಿವೆ. ಅವು ನೀರಿನ ತಳದಲ್ಲಿ ಮಲಗಿರುತ್ತವೆ. ಸಮುದ್ರ ಉಕ್ಕುವಾಗ ಎದ್ದು ತಡೆಯುತ್ತವೆ. 2020ರ ಅಕ್ಟೋಬರಿನಲ್ಲಿ ಮೊದಲ ಸಲ ಉಬ್ಬರವನ್ನು ತಡೆದವು.

ಹಳೆಯ ಬಾವಿಕಟ್ಟೆಗಳು ಎಷ್ಟೋ ಇನ್ನೂ ಇವೆ. ಬಾಯಿಗೆ ಕಬ್ಬಿಣದ ಮುಚ್ಚಳ ಬಿದ್ದಿದೆ, ಯಾರೂ ಸೇದುವುದಿಲ್ಲ. ಕೆಲವು ಕಟ್ಟೆಗಳ ಅಂಚಿನಲ್ಲಿ ಬೆರಳು ಹೋಗುವಷ್ಟು ಗೀರುಗಳಿವೆ. ಹಗ್ಗ ಎಳೆದೆಳೆದು ಕಲ್ಲು ಸವೆದದ್ದು.

ಮುಂದಿನ ವಾರ ಭೂಪಟವನ್ನು ಮತ್ತೆ ತರುತ್ತೇನೆ. ಬೂಟಿನ ಮೇಲ್ಭಾಗದಲ್ಲಿ, ಬಲಗಡೆ, ವೆನಿಸ್ ಎಂದು ಬರೆದಿದೆ. ಎರಡೇ ಅಕ್ಷರ, ಒಂದು ಒತ್ತಿಲ್ಲದ ಸಕಾರ. ನೀವೇ ಹುಡುಕಿ ಓದಬೇಕು.